ವೆಲ್ಕ್ ಹಿಡಿಯೋದು ಹೇಗೆ, ಹಿಡಿದ ಜಾಗದಲ್ಲೇ ಉಳಿಸೋದು ಹೇಗೆ

ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಹುಡುಗರು ಆಗಾಗ ಕೇಳುತ್ತಾರೆ: "ಅಕ್ಕಾ, ವೇಲ್ಸ್‌ನಲ್ಲಿ ನಿಮ್ಮ ಕೆಲಸ ಏನು?" ಬೋಟಿನಲ್ಲಿ ನಿಂತು ಶಂಖದ ಹುಳು ಅಳೆಯೋದು ಅಂದರೆ ನಗುತ್ತಾರೆ. ಗಂಗೊಳ್ಳಿಯವಳು ಅಷ್ಟು ದೂರ ಹೋಗಿ ಹುಳು ಅಳೆಯುತ್ತಾಳಾ ಅಂತ. ಅದಕ್ಕೇ ಒಮ್ಮೆ ಸರಿಯಾಗಿ ಬರೆದುಬಿಡುತ್ತೇನೆ.

ಆ ಶಂಖದ ಹುಳುವೇ ವೆಲ್ಕ್, ಉತ್ತರ ಅಟ್ಲಾಂಟಿಕ್‌ನ ತಣ್ಣೀರಿನ ಪ್ರಾಣಿ. ಬ್ರಿಟನ್ನಿನಲ್ಲಿ ಹಿಂದೆ ಕಡಲತೀರದ ಗಾಡಿಗಳಲ್ಲಿ ವಿನೆಗರ್ ಹಾಕಿ ಮಾರುತ್ತಿದ್ದರು, ಅಷ್ಟೇ. 1990ರ ದಶಕದಲ್ಲಿ ದಕ್ಷಿಣ ಕೊರಿಯಾದ ವ್ಯಾಪಾರ ಬಂತು. ಅಲ್ಲಿ ಇದನ್ನು ಖಾರದ ಸಾಸ್‌ನಲ್ಲಿ ಕಲಸಿ ತಿನ್ನುತ್ತಾರೆ, ಡಬ್ಬಿಯಲ್ಲೂ ಮಾರುತ್ತಾರೆ. ಬೇರೆ ಮೀನಿಗೆ ಕೋಟಾ ಇತ್ತು, ಇದಕ್ಕೆ ಇರಲಿಲ್ಲ. ಸಣ್ಣ ಬೋಟಿನವರೆಲ್ಲ ಇತ್ತ ತಿರುಗಿದರು. ಈಗ ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 20,000 ಟನ್ ಲೆಕ್ಕದಲ್ಲಿ ಮಾತಾಡುವ ಕಸುಬು ಇದು.

ವೆಲ್ಕ್ ಹಿಡಿಯುವುದು ಎರೆ ಇಟ್ಟ ಬುಟ್ಟಿಯಿಂದ. ಬುಟ್ಟಿ ಹಾಕುವ ಮೊದಲು ಪ್ರಾಣಿಯ ಸ್ವಭಾವ ತಿಳಿದಿರಬೇಕು. ನಮ್ಮ ಬೂತಾಯಿ, ಬಂಗುಡೆಯ ಮೊಟ್ಟೆ ನೀರಲ್ಲಿ ತೇಲುತ್ತದೆ. ಇಲ್ಲಿ ಹಿಡಿದು ಖಾಲಿಯಾದರೂ ಇನ್ನೊಂದು ಕಡೆಯಿಂದ ಬಂದು ತುಂಬಬಹುದು. ವೆಲ್ಕ್ ಹಾಗಲ್ಲ. ಚಳಿಗಾಲದಲ್ಲಿ ಕಲ್ಲಿಗೋ ಹಗ್ಗಕ್ಕೋ ಮೊಟ್ಟೆಯ ಗೊಂಚಲು ಅಂಟಿಸುತ್ತದೆ. ಅದರ ಒಂದೊಂದು ಚೀಲದಲ್ಲೂ ನೂರಾರು ಮೊಟ್ಟೆ. ಮೊದಲು ಬೆಳೆದ ಕೆಲವು ಮರಿ ಉಳಿದ ಮೊಟ್ಟೆಗಳನ್ನೇ ತಿಂದು ದೊಡ್ಡದಾಗುತ್ತವೆ. ಹೊರಬಂದ ಮರಿ ತೇಲುವುದಿಲ್ಲ, ಅಲ್ಲೇ ತೆವಳುತ್ತದೆ. ದೊಡ್ಡದಾದರೂ ದೂರ ಹೋಗುವುದಿಲ್ಲ. ಮೊಟ್ಟೆ ಇಡುವ ವಯಸ್ಸಿಗೆ ಬರಲು ಎಷ್ಟೋ ವರ್ಷ ಬೇಕು. ಹಾಗಾಗಿ ಒಂದು ಜಾಗದಲ್ಲಿ ಮುಗಿಸಿದರೆ ಅಲ್ಲಿಗೆ ಮುಗಿಯಿತು. ನೆದರ್ಲೆಂಡ್ಸ್‌ನ ವಾಡನ್ ಕಡಲಿನಲ್ಲಿ 1990ರ ದಶಕದ ಹೊತ್ತಿಗೆ ವೆಲ್ಕ್ ಇಲ್ಲವಾಯಿತು. ಬೋಟಿನ ತಳಕ್ಕೆ ಹಚ್ಚುತ್ತಿದ್ದ ತವರದ ಬಣ್ಣದ ವಿಷವೂ ಅದರಲ್ಲಿ ಸೇರಿತ್ತು. ಆ ವಿಷಕ್ಕೆ ಹೆಣ್ಣು ಹುಳುವಿಗೆ ಗಂಡಿನ ಅಂಗ ಬೆಳೆಯುತ್ತಿತ್ತು.

ಬುಟ್ಟಿ ಮಾಡುವುದು ಸುಲಭ. ಇಪ್ಪತ್ತು-ಇಪ್ಪತ್ತೈದು ಲೀಟರಿನ ಪ್ಲಾಸ್ಟಿಕ್ ಕ್ಯಾನ್ ತೆಗೆದುಕೊಳ್ಳಿ. ತಳಕ್ಕೆ ಕಾಂಕ್ರೀಟ್ ಸುರಿಯಿರಿ, ಸುತ್ತ ತೂತು ಕೊರೆಯಿರಿ. ತೂತಿನಿಂದ ಎರೆಯ ವಾಸನೆ ಹೊರಗೆ ಹೋಗುತ್ತದೆ, ಎತ್ತುವಾಗ ನೀರೂ ಸೋರುತ್ತದೆ. ಬಾಯಿಗೆ ಒಳಮುಖವಾಗಿ ಬಲೆ ಕಟ್ಟಿ. ಒಳಗೆ ಇಳಿದ ಹುಳುವಿಗೆ ವಾಪಸ್ ಹತ್ತಲು ಕಷ್ಟವಾಗಬೇಕು. ಇಂಥ ಮೂವತ್ತು, ಐವತ್ತು ಬುಟ್ಟಿಗಳನ್ನು ಒಂದೇ ಹಗ್ಗಕ್ಕೆ ಕಟ್ಟಿ, ಎರಡು ತುದಿಗೂ ಲಂಗರು, ಬೋಯಾ (ಗುರುತಿನ ತೇಲುಬುಂಡೆ) ಹಾಕುತ್ತಾರೆ. ಎರೆಗೆ ಏಡಿಯ ತುಂಡು, ಜೊತೆಗೆ ಡಾಗ್‌ಫಿಶ್ ಅನ್ನುವ ಸಣ್ಣ ತಾಟೆ, ಅಂದರೆ ಶಾರ್ಕ್. ಎರೆಯ ಖರ್ಚು ಸಣ್ಣದಲ್ಲ. ಇಲ್ಲಿಯ ತಂಡೇಲರು, ಅಂದರೆ ಬೋಟು ನಡೆಸುವವರು, ಡೀಸೆಲ್‌ಗಿಂತ ಎರೆಯ ಬೆಲೆಗೇ ಜಾಸ್ತಿ ಗೊಣಗುತ್ತಾರೆ. ಒಂದೆರಡು ದಿನ ಬಿಟ್ಟು ವಿಂಚ್‌ನಿಂದ (ಹಗ್ಗ ಸುತ್ತಿ ಎಳೆಯುವ ಯಂತ್ರ) ಎತ್ತುತ್ತಾರೆ.

ಇನ್ನು ಜರಡಿ. ನಾನು ಹೊಸಬರನ್ನು ಮೊದಲು ನಿಲ್ಲಿಸುವುದು ಇಲ್ಲೇ. ಇದು ಸಮಾನಾಂತರ ಕಂಬಿಗಳ ಒಂದು ಚೌಕಟ್ಟು. ಮೇಲೆ ಬುಟ್ಟಿ ಸುರಿದು ಅಲ್ಲಾಡಿಸಿದರೆ ಸಣ್ಣವು ಕಂಬಿಗಳ ನಡುವೆ ಕೆಳಗೆ ಬೀಳುತ್ತವೆ. ಗಮನಿಸಿ: ಕಂಬಿ ಅಳೆಯುವುದು ಅಗಲವನ್ನು, ಕಾನೂನು ಕೇಳುವುದು ಉದ್ದವನ್ನು. ಕೆಲವು ಜಾಗದ ವೆಲ್ಕ್ ಗುಂಡಗೆ, ಕೆಲವು ಕಡೆ ಸಪೂರ. ಹಾಗಾಗಿ ಜಾಗ ಬದಲಾದಾಗಲೆಲ್ಲ ಜರಡಿ ಮೇಲೆ ಉಳಿದದ್ದರಲ್ಲಿ ಒಂದು ಹಿಡಿ ತೆಗೆದು, ಚಿಪ್ಪಿನ ತುದಿಯಿಂದ ಬಾಯಿಯ ಕೊನೆಯವರೆಗೆ ಕ್ಯಾಲಿಪರ್ (ಉದ್ದ ಅಳೆಯುವ ಇಕ್ಕಳ) ಹಿಡಿಯಿರಿ. ಗಿಡ್ಡನೆಯವು ಕಂಡರೆ ಕಂಬಿಯ ಅಂತರ ಹೆಚ್ಚಿಸಿ. ಕೆಳಗೆ ಬಿದ್ದವನ್ನು ಆಗಲೇ, ಅದೇ ಜಾಗದಲ್ಲಿ ನೀರಿಗೆ ಬಿಡಿ. ಬಂದರಿಗೆ ಹೋಗುವ ದಾರಿಯಲ್ಲಿ ಸುರಿದರೆ ಆ ಜಾಗದ ಮರಿ ಆ ಜಾಗಕ್ಕೆ ಸಿಗುವುದಿಲ್ಲ.

ಎಷ್ಟು ಉದ್ದ ಇರಬೇಕು? ಯುರೋಪಿನ ಹಳೆಯ ನಿಯಮ 45 ಮಿಲಿಮೀಟರ್. ಎಷ್ಟೋ ಕಡೆ ಆ ಗಾತ್ರದಲ್ಲಿ ಅದು ಇನ್ನೂ ಮರಿ. ವೇಲ್ಸ್‌ನಲ್ಲಿ ಮೊದಲು 55ಕ್ಕೆ, ಆಮೇಲೆ 65ಕ್ಕೆ ಏರಿಸಿದರು. ನಿಮ್ಮ ಜಾಗದ್ದು ತಿಳಿಯಬೇಕಾದರೆ ಬೇರೆಬೇರೆ ಅಳತೆಯವನ್ನು ಚಿಪ್ಪು ಒಡೆದು ನೋಡಲೇಬೇಕು. ಗಂಡಿನ ಅಂಗ ಚಿಪ್ಪಿನ ಅರ್ಧದಷ್ಟು ಉದ್ದ ಇದ್ದರೆ ಬಲಿತಿದೆ ಎಂದು ಲೆಕ್ಕ. ನಗಬೇಡಿ, ಇದು ನಿಜವಾಗಿಯೂ ಬಳಸುವ ಅಳತೆ. ವಯಸ್ಸಿಗೆ ಒಳಗಿನ ಸ್ಟಾಟೊಲಿತ್ ಎಂಬ ಮರಳಿನ ಕಣದಷ್ಟು ಸಣ್ಣ ಕಲ್ಲನ್ನು ತೆಗೆದು, ಸೂಕ್ಷ್ಮದರ್ಶಕದಲ್ಲಿ ಅದರ ಉಂಗುರ ಎಣಿಸುತ್ತೇವೆ.

ಲೆಕ್ಕದ ಪುಸ್ತಕ ಇಡದೆ ಈ ಕೆಲಸ ಮಾಡಬೇಡಿ. ಪ್ರತಿ ಹಗ್ಗಕ್ಕೂ ಜಾಗ, ಬುಟ್ಟಿ ಎಷ್ಟು, ಎಷ್ಟು ದಿನ ನೀರಲ್ಲಿತ್ತು, ಜರಡಿ ಮೇಲೆ ಉಳಿದ ಕಿಲೋ, ಕೆಳಗೆ ಬಿದ್ದ ಕಿಲೋ. ಈ ಕೊನೆಯದನ್ನು ಯಾರೂ ಬರೆಯುವುದಿಲ್ಲ, ಅದೇ ಮುಖ್ಯ. ಮೇಲೆ ಕಡಿಮೆ, ಕೆಳಗೆ ಜಾಸ್ತಿ ಇದ್ದರೆ ಮರಿ ಇದೆ ಎಂದರ್ಥ, ಆ ಜಾಗವನ್ನು ಸುಮ್ನೆ ಬಿಟ್ಟುಬಿಡಿ. ಎರಡೂ ಕಡಿಮೆಯಾದರೆ ಸುದ್ದಿ ಕೆಟ್ಟದು. ಎಲ್ಲ ಜಾಗದ್ದೂ ಕೂಡಿಸಿ ಸರಾಸರಿ ಮಾತ್ರ ನೋಡಬೇಡಿ. ತಂಡೇಲ ಹಳೆ ಜಾಗ ಖಾಲಿ ಮಾಡಿ ಹೊಸದಕ್ಕೆ ಹೋಗುತ್ತಿರುತ್ತಾನೆ, ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಹೊಸ ಜಾಗ ಸಿಗುವವರೆಗೆ ಮಾತ್ರ.

ಸರಕಾರದ ಕಡೆಯಿಂದ ಇಲ್ಲಿ ಎರಡು ಬಗೆಯ ಹಿಡಿತ ಇದೆ. ಇಂಗ್ಲೆಂಡಿನ ಕೆಂಟ್ ಮತ್ತು ಎಸೆಕ್ಸ್ ಕರಾವಳಿಯಲ್ಲಿ ಒಂದು ಬೋಟಿಗೆ 300 ಬುಟ್ಟಿಯ ಮಿತಿ. ವೇಲ್ಸ್‌ನಲ್ಲಿ 2022ರಿಂದ ಪರವಾನಗಿ, ವರ್ಷಕ್ಕೆ ಒಟ್ಟು ಇಷ್ಟು ಟನ್, ತಿಂಗಳಿಗೆ ಬೋಟಿಗೆ ಇಷ್ಟು ಎಂಬ ಕಟ್ಟಳೆ. ನನ್ನ ಪ್ರಕಾರ ಎರಡನೆಯದೇ ವಾಸಿ. ಬುಟ್ಟಿ ಎಣಿಸಿದರೆ ಜನ ಅದೇ ಬುಟ್ಟಿಯನ್ನು ಹೆಚ್ಚು ಸಲ ಎತ್ತುತ್ತಾರೆ, ಅಲ್ವಾ? ಆದರೆ ಟನ್ ಲೆಕ್ಕವನ್ನೂ ಜಾಗವಾರು ಹಂಚಿದರೆ ಇನ್ನೂ ಒಳ್ಳೆಯದು.

ಒಂದು ಎಚ್ಚರಿಕೆ. ಕೆಲವೊಮ್ಮೆ ಕೆಂಪು ವೆಲ್ಕ್ ಕೂಡ ಬರುತ್ತದೆ. ಚಿಪ್ಪು ನುಣುಪು, ಏಣುಗಳಿಲ್ಲ. ಅದರ ಜೊಲ್ಲಿನ ಗ್ರಂಥಿಯಲ್ಲಿ ಟೆಟ್ರಮೀನ್ ಎಂಬ ವಿಷ ಇದೆ, ಬೇಯಿಸಿದರೂ ಹೋಗುವುದಿಲ್ಲ. ತಿಂದವರಿಗೆ ತಲೆ ಸುತ್ತುತ್ತದೆ, ಕಣ್ಣಿಗೆ ಎರಡೆರಡು ಕಾಣುತ್ತದೆ. ಜರಡಿಯಲ್ಲೇ ಆರಿಸಿ ತೆಗೆಯಿರಿ.

ಊರಿನ ಕಡೆ ಇಂಥ ಕಸುಬು ನೋಡಬೇಕಾದರೆ ಕೇರಳದ ಕೊಲ್ಲಂಗೆ ಹೋಗಿ. ಅಲ್ಲಿ ಟ್ರಾಲರ್ ಬಲೆಗೆ ಬ್ಯಾಬಿಲೋನಿಯಾ ಎಂಬ ಶಂಖದ ಹುಳು ಬೀಳುತ್ತದೆ, ರಫ್ತೂ ಆಗುತ್ತದೆ. ವೇಲ್ಸ್‌ನ 65 ಮಿಲಿಮೀಟರ್ ಅಲ್ಲಿಗೆ ಹೊಂದುವುದಿಲ್ಲ. ಅದು ಸಣ್ಣ ಜಾತಿ, ಅದರ ಮರಿ ಮೊದಲು ನೀರಲ್ಲಿ ತೇಲುತ್ತದೆ. ಅಲ್ಲಿಯದನ್ನು ಅಲ್ಲೇ ಒಡೆದು ನೋಡಿ, ಅಳೆದು, ಆಮೇಲೆ ಕನಿಷ್ಠ ಗಾತ್ರ ಹೇಳಿ.