ಭಾರತದ ಪಾಸ್‌ಪೋರ್ಟ್, ಬ್ರಿಟನ್ನಿನ ಮತಪತ್ರ

2024ರ ಮೇ 7ರಂದು ಆಳಂದದಿಂದ ವಿಡಿಯೊ ಕರೆ ಮಾಡಿದ ಅವ್ವ ಮುಖ ತೋರಿಸುವ ಮೊದಲು ಶಾಯಿ ಹಚ್ಚಿದ ಬೆರಳು ತೋರಿಸಿದಳು. ಎರಡು ತಿಂಗಳ ನಂತರ, ಜುಲೈ 4ರಂದು, ನಾನು ಇಂಗ್ಲೆಂಡಿನಲ್ಲಿ ಮತ ಹಾಕಿ ಬಂದೆ ಎಂದರೆ ಅವಳು ನಂಬಲಿಲ್ಲ. ‘ಅವರ ಚುನಾವಣೆಯಲ್ಲಿ ನಿನಗೇನು ಕೆಲಸವಪ್ಪ? ಎಲ್ಲಿ, ಬೆರಳು ತೋರಿಸು’ ಎಂದಳು. ತೋರಿಸಲು ಏನೂ ಇರಲಿಲ್ಲ. ಇಲ್ಲಿ ಶಾಯಿ ಹಚ್ಚುವುದಿಲ್ಲ.

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಹೊಸದಾಗಿ ಬರುವ ಹುಡುಗರೂ ಅವ್ವನ ಪ್ರಶ್ನೆಯನ್ನೇ ಕೇಳುತ್ತಾರೆ. ಭಾರತ ಕಾಮನ್‌ವೆಲ್ತ್ ದೇಶ, ಅಂದರೆ ಬಹುತೇಕ ಹಿಂದೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ದೇಶಗಳ ಕೂಟದ ಸದಸ್ಯ, ಉತ್ತರ ಅಷ್ಟೇ. ಇಲ್ಲಿ ವಾಸಿಸಲು ವೀಸಾ ಇರುವ, 18 ತುಂಬಿದ ಕಾಮನ್‌ವೆಲ್ತ್ ನಾಗರಿಕರು ಪಾರ್ಲಿಮೆಂಟ್ ಚುನಾವಣೆಯಲ್ಲೂ ಸ್ಥಳೀಯ ಕೌನ್ಸಿಲ್ ಚುನಾವಣೆಯಲ್ಲೂ ಮತ ಹಾಕಬಹುದು. ವಿದ್ಯಾರ್ಥಿ ವೀಸಾ ಆದರೂ ಸರಿ, ಕೆಲಸದ ವೀಸಾ ಆದರೂ ಸರಿ. ಇದರಿಂದ ಭಾರತದ ಪೌರತ್ವಕ್ಕೆ ಯಾವ ಧಕ್ಕೆಯೂ ಇಲ್ಲ.

ಹೆಸರು ನೋಂದಾಯಿಸುವುದು ಸರ್ಕಾರದ ಜಾಲತಾಣದಲ್ಲಿ ಕೆಲವೇ ನಿಮಿಷಗಳ ಕೆಲಸ. ವಿಳಾಸ, ಹುಟ್ಟಿದ ದಿನಾಂಕ, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ (ಇಲ್ಲಿ ದುಡಿಯುವವರಿಗೆ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಕೈಯಲ್ಲಿರಲಿ. ಮತದಾನಕ್ಕೆ 12 ಕೆಲಸದ ದಿನಗಳ ಮೊದಲು ಇದು ಮುಗಿದಿರಬೇಕು. ಹೆಸರು ನೋಂದಾಯಿಸಿ ಎಂದು ಕೌನ್ಸಿಲ್‌ನಿಂದ ಬರುವ ಪತ್ರವನ್ನು ಜಾಹೀರಾತೆಂದು ಕಸಕ್ಕೆ ಹಾಕಬೇಡಿ. ಉತ್ತರಿಸದೆ ಉಳಿದರೆ 80 ಪೌಂಡ್ ದಂಡ ಬೀಳಬಹುದು. ಹೆಸರು ಪಟ್ಟಿಯಲ್ಲಿದ್ದರೆ ಸಾಲ ಕೊಡುವವರಿಗೆ ನಿಮ್ಮ ವಿಳಾಸ ಪರಿಶೀಲಿಸುವುದು ಸುಲಭ. ನಿಜ ಹೇಳಬೇಕೆಂದರೆ, ನಾನು ನೋಂದಾಯಿಸಿದ್ದು ಮನೆ ಸಾಲದ ಆಸೆಗೆ. ಪ್ರಜಾಪ್ರಭುತ್ವದ ಪ್ರೀತಿ ಆಮೇಲೆ ಬಂತು.

ಮತದಾನ ರೂಢಿಯಂತೆ ಗುರುವಾರ, ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ. ರಜೆ ಕೊಡುವುದಿಲ್ಲ. ಮತಗಟ್ಟೆ ಶಾಲೆಯಲ್ಲಿರಬಹುದು, ಚರ್ಚಿನಲ್ಲಿರಬಹುದು, ಅಪರೂಪಕ್ಕೆ ಪಬ್ಬಿನಲ್ಲೂ ಇರುತ್ತದೆ. ಇಂಗ್ಲೆಂಡಿನಲ್ಲಿ 2023ರಿಂದ ಭಾವಚಿತ್ರವಿರುವ ಗುರುತಿನ ಚೀಟಿ ಕಡ್ಡಾಯ. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಬಾಗಿಲಲ್ಲಿ ಎದೆಗೆ ಬಣ್ಣದ ಹೂಪಟ್ಟಿ ಸಿಕ್ಕಿಸಿಕೊಂಡು ನಿಮ್ಮ ಮತದಾರ ಸಂಖ್ಯೆ ಕೇಳುವವರು ಅಧಿಕಾರಿಗಳಲ್ಲ, ಪಕ್ಷದವರು, ಹೇಳಲೇಬೇಕೆಂದಿಲ್ಲ. ಒಳಗೆ ಯಂತ್ರವಿಲ್ಲ. ಕಾಗದ, ಪೆನ್ಸಿಲ್, ಗುಣಾಕಾರದ ಗುರುತು. ನೋಟಾ ಇಲ್ಲ. ಹೋಗಲು ಆಗದಿದ್ದರೆ ಮೊದಲೇ ಅರ್ಜಿ ಹಾಕಿ ಅಂಚೆಯಲ್ಲಿ ಮತ ಕಳಿಸಬಹುದು, ನಂಬಿಕಸ್ಥರಿಂದ ಹಾಕಿಸಲೂಬಹುದು.

ಲೆಕ್ಕಾಚಾರ ನಮ್ಮಂತೆಯೇ: ಕ್ಷೇತ್ರದಲ್ಲಿ ಹೆಚ್ಚು ಮತ ಬಿದ್ದವರು ಗೆದ್ದರು. 2024ರಲ್ಲಿ ಲೇಬರ್ ಪಕ್ಷ ಸುಮಾರು ಶೇ 34ರಷ್ಟು ಮತ ಪಡೆದು 650ರಲ್ಲಿ 411 ಸ್ಥಾನ ಗೆದ್ದಿತು. ಇಡುಗಂಟು ಉಳಿಸಿಕೊಳ್ಳಲು ನಮ್ಮಲ್ಲಿ ಆರನೇ ಒಂದು ಭಾಗ ಮತ ಬೇಕು. ಇಲ್ಲಿ ಶೇ 5 ಸಾಕು. ಸಂಸದರು ‘ಸರ್ಜರಿ’ ನಡೆಸುತ್ತಾರೆ ಎಂದು ಕೇಳಿ ಗಾಬರಿಯಾಗಬೇಡಿ, ಅದು ಜನರ ಅಹವಾಲು ಕೇಳುವ ಸಭೆ. ವೀಸಾ ಅರ್ಜಿ ತಿಂಗಳುಗಟ್ಟಲೆ ಕೊಳೆಯುತ್ತಿದ್ದರೆ ಅಲ್ಲಿಗೆ ಹೋಗಿ. ಸಂಸದರ ಕಚೇರಿ ಗೃಹ ಇಲಾಖೆಗೆ ಬರೆದು ವಿಚಾರಿಸುತ್ತದೆ. ನಮ್ಮ ಕಡೆಯವರು ಈ ಸಭೆಗಳಲ್ಲಿ ಕಾಣುವುದೇ ಕಡಿಮೆ. ಸಂಕೋಚವೇಕೋ! ಕಲಬುರಗಿ ಮೂಲದ ನೀರಜ್ ಪಾಟೀಲ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಮೇಯರ್ ಆಗಿದ್ದವರು, 2017ರಲ್ಲಿ ಪಟ್ನಿ ಕ್ಷೇತ್ರದಲ್ಲಿ ಲೇಬರ್ ಅಭ್ಯರ್ಥಿಯಾಗಿ ನಿಂತು ಸೋತವರು.

ಇನ್ನು ಊರಿನ ಮತ. ಬೇರೆ ದೇಶದ ಪೌರತ್ವ ಪಡೆಯದ ಅನಿವಾಸಿಗಳು ನಮೂನೆ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದ ಕ್ಷೇತ್ರದಲ್ಲಿ ಹೆಸರು ಸೇರಿಸಬಹುದು. 2011ರಿಂದ ಈ ಅವಕಾಶವಿದೆ. ಆದರೆ ಮತ ಹಾಕಲು ಮೂಲ ಪಾಸ್‌ಪೋರ್ಟ್ ಹಿಡಿದು ಮತಗಟ್ಟೆಗೆ ಖುದ್ದಾಗಿ ಹೋಗಲೇಬೇಕು. ಬೇರೊಬ್ಬರಿಂದ ಹಾಕಿಸಲು ಅವಕಾಶ ಕೊಡುವ ಮಸೂದೆ 2018ರಲ್ಲಿ ಲೋಕಸಭೆ ದಾಟಿತು, ಮುಂದೆ ಹೋಗಲಿಲ್ಲ. ಪರದೇಶ ಮನೆ ಬಾಗಿಲಿಗೆ ಮತಪತ್ರ ಕಳಿಸುತ್ತದೆ, ಸ್ವದೇಶ ವಿಮಾನದ ಟಿಕೆಟ್ ಕೇಳುತ್ತದೆ. ಇದು ನನಗೆ ಇನ್ನೂ ಜೀರ್ಣವಾಗಿಲ್ಲ. ಬ್ರಿಟಿಷ್ ಪೌರರಾಗಿ ಒಸಿಐ (ಭಾರತ ಮೂಲದ ವಿದೇಶಿ ಪೌರರಿಗೆ ಭಾರತ ಕೊಡುವ ಕಾರ್ಡು) ಪಡೆದವರಿಗಂತೂ ಊರಿನ ಮತವೇ ಇಲ್ಲ.

ಊರಿನ ಫಲಿತಾಂಶ ನೋಡಲು ಕೂರುವ ಮುನ್ನ ಕ್ಷೇತ್ರ ಯಾವುದೆಂದು ಖಚಿತಪಡಿಸಿಕೊಳ್ಳಿ. ನಮ್ಮ ಆಳಂದ, ಅತ್ತ ಚಿಂಚೋಳಿ ಕಲಬುರಗಿ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಬೀದರ್ ಕ್ಷೇತ್ರ. ಯಾದಗಿರಿ ಜಿಲ್ಲೆಗೆ ಅದರದೇ ಹೆಸರಿನ ಲೋಕಸಭಾ ಕ್ಷೇತ್ರವಿಲ್ಲ: ಯಾದಗಿರಿ, ಶಹಾಪುರ, ಸುರಪುರ ರಾಯಚೂರಿಗೆ, ಗುರುಮಠಕಲ್ ಕಲಬುರಗಿಗೆ. ಎಣಿಕೆ ಶುರುವಾಗುವುದು ಊರಿನ ಬೆಳಿಗ್ಗೆ 8ಕ್ಕೆ, ಇಲ್ಲಿ ಬೇಸಿಗೆಯಲ್ಲಾದರೆ ನಸುಕಿನ ಮೂರೂವರೆಗೆ. 2024ರ ಜೂನ್ 4ರಂದು ಆ ಹೊತ್ತಿಗೆ ಎದ್ದು, ಪಾಪ, ನನ್ನ ಗೆಳೆಯನೊಬ್ಬ ಕಲಬುರಗಿಯ ಅಂಕಿಗಳನ್ನೇ ನೋಡುತ್ತ ಕುಳಿತಿದ್ದ. ಅವನ ಊರು ಚಿಂಚೋಳಿ.