ಡಬ್ಬಿಯ ಮೇಲೆ ‘ನ್ಯಾನೋ’ ಎಂದಿದ್ದರೆ ಏನೇನು ನೋಡಬೇಕು?

ಸನ್‌ಸ್ಕ್ರೀನ್, ಕಾಲುಚೀಲ, ಕಾರಿನ ಪಾಲಿಶ್, ಗೊಬ್ಬರದ ಬಾಟಲಿ... ‘ನ್ಯಾನೋ’ ಎಂಬ ಪದ ಈಗ ಎಲ್ಲೆಂದರಲ್ಲಿ ಕಾಣಿಸುತ್ತದೆ. ಅದನ್ನು ನೋಡಿ ಕೆಲವರು ಹೆದರುತ್ತಾರೆ, ಹಲವರು ನಾಲ್ಕು ಕಾಸು ಹೆಚ್ಚಿಗೇ ಕೊಡುತ್ತಾರೆ. ಹೆದರುವುದಕ್ಕಾಗಲಿ ದುಡ್ಡು ಕೊಡುವುದಕ್ಕಾಗಲಿ ಆ ಪದವೊಂದೇ ಆಧಾರವಾಗದು. ಪರಿಶೀಲಿಸಲು ಬೇಕಾಗುವುದು ಮೂರು: ಲೇಬಲ್, ಒಳಗಿನ ಮಾಹಿತಿ ಚೀಟಿ, ಮೊಬೈಲಿನ ಕ್ಯಾಲ್ಕುಲೇಟರ್.

ಹೆಜ್ಜೆ 1: ನಿಜಕ್ಕೂ ನ್ಯಾನೋ ಇದೆಯೇ ನೋಡಿ

2006ರ ಮಾರ್ಚಿನಲ್ಲಿ ಜರ್ಮನಿಯಲ್ಲಿ ‘ಮ್ಯಾಜಿಕ್ ನ್ಯಾನೋ’ ಎಂಬ ಸ್ಪ್ರೇ ಮಾರುಕಟ್ಟೆಗೆ ಬಂತು. ಗಾಜು, ಬಚ್ಚಲುಮನೆಯ ಟೈಲ್ಸ್‌ಗೆ ಕೊಳೆ ಅಂಟದಂತೆ ಲೇಪ ಕೊಡುವ ವಸ್ತು. ಕೆಲವೇ ದಿನಗಳಲ್ಲಿ ಸುಮಾರು ನೂರು ಮಂದಿ ಕೆಮ್ಮು, ಉಸಿರಾಟದ ತೊಂದರೆ ಎಂದು ದೂರಿದರು. ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆ ಸೇರಿದವರೂ ಇದ್ದರು. ಉತ್ಪನ್ನವನ್ನು ವಾಪಸ್ ಪಡೆಯಲಾಯಿತು, ನ್ಯಾನೋ ತಂತ್ರಜ್ಞಾನವನ್ನೇ ತಡೆಹಿಡಿಯಬೇಕೆಂಬ ಕೂಗೂ ಎದ್ದಿತು. ಆಮೇಲೆ ಪರೀಕ್ಷಿಸಿದರೆ ಡಬ್ಬಿಯಲ್ಲಿ ನ್ಯಾನೋ ಕಣಗಳೇ ಇರಲಿಲ್ಲ. ಒರೆಸಿದ ಮೇಲೆ ಉಳಿಯುವ ತೆಳು ಪದರಕ್ಕಾಗಿ ಆ ಹೆಸರಿಟ್ಟಿದ್ದರಂತೆ. ಇದೇ ಬಗೆಯ ಲೇಪ ಮೊದಲು ಕೈಪಂಪಿನ ಬಾಟಲಿಯಲ್ಲಿ ಬರುತ್ತಿದ್ದಾಗ ಇಂಥ ದೂರುಗಳು ಬಂದಿರಲಿಲ್ಲ. ಒತ್ತಡದ ಏರೋಸಾಲ್ ಡಬ್ಬಿಗೆ ಬದಲಾಯಿಸಿದಾಗ ಹನಿಗಳು ಸಣ್ಣದಾಗಿ ಶ್ವಾಸಕೋಶದ ಆಳಕ್ಕೆ ಇಳಿದವು.

ಹಾಗಾಗಿ ‘ನ್ಯಾನೋ’ ಬ್ರಾಂಡಿನ ಹೆಸರಿನಲ್ಲಿದೆಯೋ ಘಟಕಗಳ ಪಟ್ಟಿಯಲ್ಲಿದೆಯೋ ಎಂಬುದನ್ನು ಮೊದಲು ನೋಡಿ. ಘಟಕದ ಹೆಸರು, ಗಾತ್ರ ಎರಡೂ ಇಲ್ಲದಿದ್ದರೆ ಅದು ಬರೀ ಜಾಹೀರಾತು ಎಂದುಕೊಳ್ಳಿ.

ಗಾತ್ರದ ವ್ಯಾಖ್ಯೆ ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್. ಒಂದು ಮಿಲಿಮೀಟರ್ ಎಂದರೆ ಹತ್ತು ಲಕ್ಷ ನ್ಯಾನೋಮೀಟರ್. ಆದರೆ ಯಾವ ಪುಡಿಯಲ್ಲೂ ಎಲ್ಲ ಕಣಗಳು ಒಂದೇ ಅಳತೆಯಲ್ಲಿರುವುದಿಲ್ಲ. ಎಷ್ಟು ಪಾಲು ಸಣ್ಣದಿದ್ದರೆ ಅದನ್ನು ‘ನ್ಯಾನೋ’ ಎನ್ನಬೇಕು? ಯುರೋಪಿಯನ್ ಒಕ್ಕೂಟ 2011ರಲ್ಲಿ ಎಣಿಕೆಯನ್ನು ಹಿಡಿಯಿತು: ಕಣಗಳ ಸಂಖ್ಯೆಯಲ್ಲಿ ಶೇ 50 ಅಥವಾ ಹೆಚ್ಚು ಈ ಮಿತಿಯೊಳಗಿರಬೇಕು. ತೂಕ ಹಿಡಿಯಿರಿ ಎಂದು ಉದ್ಯಮದವರು ಪಟ್ಟು ಹಿಡಿದಿದ್ದರು. ಪಟ್ಟು ಏಕೆಂಬುದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. 1000 ನ್ಯಾನೋಮೀಟರಿನ ಒಂದು ಕಣದ ತೂಕಕ್ಕೆ 50 ನ್ಯಾನೋಮೀಟರಿನ 8,000 ಕಣಗಳು ಬೇಕು. ಎಣಿಕೆಯಲ್ಲಿ ಇವೆರಡೂ ಅರ್ಧಕ್ಕರ್ಧ ಇರುವ ಪುಡಿಯಲ್ಲಿ ತೂಕದ ಲೆಕ್ಕಕ್ಕೆ ನ್ಯಾನೋ ಪಾಲು ಎಂಟು ಸಾವಿರದಲ್ಲಿ ಒಂದು ಮಾತ್ರ. ತೂಕ ಹಿಡಿದಿದ್ದರೆ ಎಷ್ಟೋ ಪುಡಿಗಳು ನಿಯಮದ ಬಲೆಯಿಂದ ಸಲೀಸಾಗಿ ಜಾರಿಕೊಳ್ಳುತ್ತಿದ್ದವು.

ಎಣಿಕೆ ಹಿಡಿದರೂ ಜಾರಿಕೊಳ್ಳುವವು ಇದ್ದೇ ಇವೆ. ಚ್ಯೂಯಿಂಗ್ ಗಮ್, ಮಿಠಾಯಿ ಲೇಪಗಳಿಗೆ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್, ಅಂದರೆ ಆಹಾರ ಸೇರ್ಪಡೆಗಳ ಯುರೋಪಿನ ಸಂಕೇತದಲ್ಲಿ ಇ171, ಅಲ್ಲಿನ ವ್ಯಾಖ್ಯೆಯ ಪ್ರಕಾರ ನ್ಯಾನೋ ಅಲ್ಲ. ಅದರಲ್ಲಿ ಸಣ್ಣ ಕಣಗಳ ಎಣಿಕೆ ಶೇ 50ಕ್ಕಿಂತ ಕಡಿಮೆ. ಆದರೂ ಇರುವ ಸಣ್ಣ ಕಣಗಳ ಕಾರಣಕ್ಕೇ ವಿವಾದ ಎದ್ದಿತು. 2020ರಲ್ಲಿ ಫ್ರಾನ್ಸ್ ಅದನ್ನು ಆಹಾರದಿಂದ ಹೊರಗಿಟ್ಟಿತು. ಡಿಎನ್‌ಎಗೆ ಹಾನಿಯಾಗುವ ಸಾಧ್ಯತೆ ಇಲ್ಲವೆನ್ನಲು ಆಗದು ಎಂದು 2021ರ ಮೇ ತಿಂಗಳಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿತು. 2022ರಲ್ಲಿ ಇಡೀ ಒಕ್ಕೂಟದಲ್ಲಿ ನಿಷೇಧ ಬಂತು. 2023ರಲ್ಲಿ ವಿಶ್ವಸಂಸ್ಥೆಯ ತಜ್ಞರ ಸಮಿತಿ ಲಭ್ಯ ಅಧ್ಯಯನಗಳನ್ನು ನೋಡಿ, ಆಹಾರದ ಮೂಲಕ ಅಪಾಯ ಕಾಣುತ್ತಿಲ್ಲ ಎಂದಿತು. ನಮ್ಮಲ್ಲಿ ಕೆಲವು ತಿನಿಸುಗಳಿಗೆ ಇದಕ್ಕೆ ಅನುಮತಿ ಇದೆ. ಪೊಟ್ಟಣದ ಹಿಂಬದಿಯಲ್ಲಿ ‘ಐಎನ್‌ಎಸ್ 171’ ಅಥವಾ ಬರಿಯ ‘171’ ಎಂದು ಹುಡುಕಿ.

ಹೆಜ್ಜೆ 2: ಕಣ ಬಿಡಿಯಾಗಿದೆಯೇ, ಅಂಟಿದೆಯೇ, ಕರಗುತ್ತದೆಯೇ?

ಇಂಗಾಲದ ನ್ಯಾನೋಕೊಳವೆಗಳನ್ನು ಬೆರೆಸಿ ಮಾಡಿದ ಟೆನಿಸ್ ರಾಕೆಟ್‌ನಲ್ಲಿ ಕೊಳವೆಗಳು ರಾಳದೊಳಗೆ ಗಟ್ಟಿಯಾಗಿ ಕೂತಿರುತ್ತವೆ. ಆಡುವವರಿಗೆ ಚಿಂತೆ ಬೇಡ. ಅದೇ ರಾಕೆಟ್ಟನ್ನು ಕಾರ್ಖಾನೆಯಲ್ಲಿ ಕೊಯ್ಯುವ, ಉಜ್ಜುವ ಕೆಲಸಗಾರರ ವಿಷಯ ಬೇರೆ. ಒಂದೇ ವಸ್ತುವಿನ ಅಪಾಯ ಅದರ ಬದುಕಿನ ಬೇರೆ ಬೇರೆ ಘಟ್ಟದಲ್ಲಿ ಬೇರೆ ಬೇರೆಯವರ ಮೇಲೆ ಬೀಳುತ್ತದೆ. ಸಾರ್ವಜನಿಕ ಚರ್ಚೆಯಲ್ಲಿ ಕೈಬಿಟ್ಟುಹೋಗುವುದು ಹೆಚ್ಚಾಗಿ ಈ ಕೆಲಸಗಾರರೇ.

ಬಟ್ಟೆಯ ಮೇಲಿನ ಬೆಳ್ಳಿ ಇನ್ನೊಂದು ಬಗೆ. ವಾಸನೆ ಬಾರದಿರಲಿ ಎಂದು ಕಾಲುಚೀಲಕ್ಕೆ ನ್ಯಾನೋ ಬೆಳ್ಳಿ ಸೇರಿಸುತ್ತಾರೆ. ಅದು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. 2008ರಲ್ಲಿ ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಕಾಲುಚೀಲಗಳನ್ನು ಬರೀ ನೀರಿನಲ್ಲಿ ಪದೇ ಪದೇ ತೊಳೆದು ನೋಡಿದರು. ಕೆಲವು ಬ್ರಾಂಡ್‌ಗಳು ನಾಲ್ಕು ತೊಳೆತದೊಳಗೆ ಹೆಚ್ಚುಕಡಿಮೆ ಎಲ್ಲ ಬೆಳ್ಳಿಯನ್ನೂ ಬಿಟ್ಟುಕೊಟ್ಟವು, ಕೆಲವು ಬಿಡಲೇ ಇಲ್ಲ. ಬೆಳ್ಳಿ ಬಿಟ್ಟ ಕಾಲುಚೀಲದಿಂದ ಗ್ರಾಹಕರಿಗೆ ಲಾಭವಿಲ್ಲ; ಚರಂಡಿ ನೀರನ್ನು ಶುದ್ಧೀಕರಿಸುವ ಬ್ಯಾಕ್ಟೀರಿಯಾಗಳಿಗೆ ಅದರಿಂದ ತೊಂದರೆಯಾಗಬಹುದು. ಕೊಳ್ಳುವಾಗ ‘ಎಷ್ಟು ತೊಳೆತದವರೆಗೆ ಬಾಳುತ್ತದೆ’ ಎಂಬ ಪರೀಕ್ಷಾ ಸಂಖ್ಯೆ ಕೇಳಿ. ಅದು ಇಲ್ಲದಿದ್ದರೆ ಸಾದಾ ಹತ್ತಿಯದೇ ವಾಸಿ.

ಕರಗುವ ವಸ್ತುಗಳಿಗೆ ಈ ಪ್ರಶ್ನೆ ಅಷ್ಟಾಗಿ ಅನ್ವಯಿಸುವುದಿಲ್ಲ. ಒಂದು ಲೀಟರ್ ನೀರಿನಲ್ಲಿ ಸುಮಾರು ಒಂದು ಕಿಲೋ ಯೂರಿಯಾ ಕರಗುತ್ತದೆ. ಕರಗಿದ ಮೇಲೆ ಕಣ ಎಲ್ಲಿ ಉಳಿಯಿತು ಎಂದು ಎಲೆಗೆ ಸಿಂಪಡಿಸುವ ದ್ರವ ಗೊಬ್ಬರವಾದ ನ್ಯಾನೋ ಯೂರಿಯಾದ ತಯಾರಕರನ್ನು ಕೇಳುವುದು ತಪ್ಪೇನಲ್ಲ.

ಹೆಜ್ಜೆ 3: ದೇಹದೊಳಗೆ ಹೋಗುವ ದಾರಿ ಯಾವುದು?

ಮೂಗು, ಬಾಯಿ, ಚರ್ಮ ಈ ಮೂರರಲ್ಲಿ ಮೂಗಿನದೇ ದೊಡ್ಡ ಚಿಂತೆ. ಉದ್ದನೆಯ, ಗಡಸಾದ ಇಂಗಾಲದ ನ್ಯಾನೋಕೊಳವೆಗಳನ್ನು ಇಲಿಗಳ ಹೊಟ್ಟೆಯ ಪೊರೆಗೆ ಸೇರಿಸಿದಾಗ ಆಸ್ಬೆಸ್ಟಾಸ್ ನಾರಿನಂತೆಯೇ ಉರಿಯೂತ ಉಂಟಾದದ್ದನ್ನು 2008ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿದರು. ಗಿಡ್ಡ ಅಥವಾ ಸಿಕ್ಕುಸಿಕ್ಕಾದ ಕೊಳವೆಗಳು ಹಾಗೆ ಮಾಡಲಿಲ್ಲ. ರಾಸಾಯನಿಕವಾಗಿ ಎರಡೂ ಇಂಗಾಲವೇ, ಕೆಡುಕು ಆಕಾರದಲ್ಲಿತ್ತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಒಂದು ನಿರ್ದಿಷ್ಟ ಬಗೆಯ ಕೊಳವೆಯನ್ನು, ಎಂಡಬ್ಲ್ಯುಸಿಎನ್‌ಟಿ-7 ಎಂಬುದನ್ನು ಮಾತ್ರ, ‘ಕ್ಯಾನ್ಸರ್‌ಕಾರಕ ಆಗಿರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿತು.

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಕೆಲಸದ ಜಾಗದ ಗಾಳಿಗೆ ಶಿಫಾರಸು ಮಾಡಿರುವ ಮಿತಿಗಳನ್ನು ನೋಡಿ. ಸಾಮಾನ್ಯ ನುಣುಪಿನ ಟೈಟಾನಿಯಂ ಡೈಆಕ್ಸೈಡಿಗೆ ಘನಮೀಟರಿಗೆ 2.4 ಮಿಲಿಗ್ರಾಂ, ಅದೇ ವಸ್ತು ಅತಿಸೂಕ್ಷ್ಮವಾದರೆ 0.3 ಮಿಲಿಗ್ರಾಂ. ವಸ್ತು ಒಂದೇ, ಗಾತ್ರ ಇಳಿದದ್ದಕ್ಕೆ ಮಿತಿ ಎಂಟು ಪಟ್ಟು ಬಿಗಿ. ಇಂಗಾಲದ ಕೊಳವೆಗಳಿಗಂತೂ 1 ಮೈಕ್ರೋಗ್ರಾಂ, ಅಂದರೆ ಮಿಲಿಗ್ರಾಂನ ಸಾವಿರದಲ್ಲೊಂದು ಪಾಲು ಮಾತ್ರ.

ಇದರಿಂದ ಬರುವ ಅಡುಗೆಮನೆ ಮಟ್ಟದ ನಿಯಮ ಸರಳ: ಲೋಷನ್, ಕ್ರೀಂ, ಕೈಪಂಪು ಪರವಾಗಿಲ್ಲ, ಒತ್ತಡದ ಸ್ಪ್ರೇ, ಒಣ ಪುಡಿ ಬೇಡ. ಯುರೋಪಿನ ಕಾನೂನೂ ಇದನ್ನೇ ಹೇಳುತ್ತದೆ. ಸನ್‌ಸ್ಕ್ರೀನ್‌ನಲ್ಲಿ ನ್ಯಾನೋ ಟೈಟಾನಿಯಂ ಡೈಆಕ್ಸೈಡ್ ಶೇ 25ರವರೆಗೆ ಇರಬಹುದು, ಆದರೆ ಶ್ವಾಸಕೋಶಕ್ಕೆ ಹೋಗುವಂಥ ಸ್ಪ್ರೇ ರೂಪದಲ್ಲಿ ಇರಕೂಡದು. ಗಾಯವಿಲ್ಲದ ಚರ್ಮದ ಹೊರಪದರವನ್ನು ಈ ಕಣಗಳು ಹೇಳಿಕೊಳ್ಳುವಷ್ಟು ದಾಟುವುದಿಲ್ಲ ಎಂಬುದು ಪರೀಕ್ಷೆಗಳಲ್ಲಿ ಕಂಡ ಸಂಗತಿ. ಬಿಸಿಲಿಗೆ ಸುಟ್ಟು ಸಿಪ್ಪೆ ಏಳುತ್ತಿರುವ ಚರ್ಮಕ್ಕೆ ಮಾತ್ರ ಹಚ್ಚಬೇಡಿ.

ನ್ಯಾನೋ ಕಣ ಮಾಸ್ಕಿನ ತೂತಿನಲ್ಲಿ ನುಸುಳಿಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ತಪ್ಪು. ಅತಿ ಸಣ್ಣ ಕಣಗಳು ನೇರ ಸಾಗದೆ ಗಾಳಿಯ ಅಣುಗಳಿಗೆ ಬಡಿದು ಅಡ್ಡಾದಿಡ್ಡಿ ಅಲೆಯುತ್ತವೆ. ಹಾಗೆ ಅಲೆಯುತ್ತಲೇ ಎನ್95 ಮಾಸ್ಕಿನ ಎಳೆಗಳಿಗೆ ಅಂಟಿಕೊಳ್ಳುತ್ತವೆ. ಮೋಸ ಮಾಡುವುದು ಮೂಗಿನ ಪಕ್ಕದ ಸಂದು, ಗಡ್ಡ, ಸಡಿಲ ಪಟ್ಟಿ. ಮಾಸ್ಕ್ ಹಾಕಿ ಜೋರಾಗಿ ಉಸಿರು ಬಿಟ್ಟಾಗ ಕನ್ನಡಕ ಮಂಜಾದರೆ ಸರಿಯಾಗಿ ಕೂತಿಲ್ಲ ಎಂದರ್ಥ. ಬಟ್ಟೆ ಮಾಸ್ಕು, ಟವೆಲ್ಲು ಲೆಕ್ಕಕ್ಕಿಲ್ಲ. ಪುಡಿ ಚೆಲ್ಲಿದರೆ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಹೆಜ್ಜೆ 4: ಪ್ರಮಾಣದ ಲೆಕ್ಕ ಹಾಕಿ

ಅಪಾಯದ ಚರ್ಚೆಯ ಗದ್ದಲದಲ್ಲಿ ‘ಕೆಲಸ ಮಾಡುತ್ತದೆಯೇ’ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ನಮ್ಮ ದೇಶದ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು ಅದೇ. ನ್ಯಾನೋ ಯೂರಿಯಾವನ್ನೇ ತೆಗೆದುಕೊಳ್ಳಿ. 2021ರ ಫೆಬ್ರುವರಿಯಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದಡಿ ಅಧಿಸೂಚನೆಯಾಯಿತು; ರಸಗೊಬ್ಬರ ತಯಾರಿಸುವ ಸಹಕಾರಿ ಸಂಸ್ಥೆ ಇಫ್ಕೋ 500 ಮಿಲಿಲೀಟರ್ ಬಾಟಲಿಯಲ್ಲಿ ಮಾರಾಟಕ್ಕೆ ಬಿಟ್ಟಿತು. ಒಂದು ಬಾಟಲಿ ಒಂದು ಚೀಲ ಯೂರಿಯಾಕ್ಕೆ ಸಮ ಎಂಬುದು ಪ್ರಚಾರ.

45 ಕಿಲೋ ಚೀಲದಲ್ಲಿ ಶೇ 46 ಸಾರಜನಕ, ಅಂದರೆ 20.7 ಕಿಲೋ. ಆಗಿನ ಬಾಟಲಿಯಲ್ಲಿ ಶೇ 4, ಅಂದರೆ 20 ಗ್ರಾಂ. ಸಾವಿರ ಪಟ್ಟು ವ್ಯತ್ಯಾಸ. ಒಂದು ಟನ್ ಭತ್ತ ಬೆಳೆಯಲು ಗಿಡಕ್ಕೆ ಸುಮಾರು 15–20 ಕಿಲೋ ಸಾರಜನಕ ಬೇಕು. ಎಲೆಯ ಮೇಲೆ ಬಿದ್ದ ಹನಿಯಲ್ಲಿ ಒಂದಿಷ್ಟೂ ವ್ಯರ್ಥವಾಗದೆ ಒಳಗೆ ಹೋಯಿತು ಎಂದೇ ಇಟ್ಟುಕೊಳ್ಳೋಣ, 20 ಗ್ರಾಂ 20 ಗ್ರಾಮೇ.

ಸುಮಾರು 11,000 ರೈತರ ಹೊಲಗಳಲ್ಲಿ ಸರಾಸರಿ ಶೇ 8 ಇಳುವರಿ ಹೆಚ್ಚಿತು ಎಂಬುದು ಇಫ್ಕೋ ವಾದ. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷಗಳ ಪ್ರಯೋಗದಲ್ಲಿ ಎಂದಿನ ಸಾರಜನಕ ಕೊಟ್ಟ ತಾಕಿಗಿಂತ ಗೋಧಿ ಇಳುವರಿ ಶೇ 21.6, ಭತ್ತ ಶೇ 13 ಇಳಿಯಿತು. 2023ರಲ್ಲಿ ಡೆನ್ಮಾರ್ಕಿನ ಇಬ್ಬರು ಸಸ್ಯ ವಿಜ್ಞಾನಿಗಳು ಈ ಉತ್ಪನ್ನದ ವೈಜ್ಞಾನಿಕ ಆಧಾರವನ್ನೇ ಪ್ರಶ್ನಿಸಿದರು. ಆಮೇಲೆ ಬಂದ ‘ಪ್ಲಸ್’ ಆವೃತ್ತಿಯಲ್ಲಿ ಸಾರಜನಕ ಶೇ 20ಕ್ಕೆ ಏರಿದೆ. ಅದೂ ಬಾಟಲಿಗೆ 100 ಗ್ರಾಂ ಅಷ್ಟೆ.

ಬಳಸುವವರು ಹೋಲಿಕೆಗೆ ಇದನ್ನು ಮಾಡಿ ನೋಡಿ. ಒಂದು ಎಕರೆಗೆ ಲೀಟರಿಗೆ 4 ಮಿಲಿಯಂತೆ 125 ಲೀಟರ್ ನೀರಿಗೆ ಬಾಟಲಿ ಪೂರ್ತಿ ಹೋಗುತ್ತದೆ. ಪಕ್ಕದ ತಾಕಿನಲ್ಲಿ ಅಷ್ಟೇ ನೀರಿಗೆ ಎರಡೂವರೆ ಕಿಲೋ ಸಾದಾ ಯೂರಿಯಾ ಕರಗಿಸಿ ಸಿಂಪಡಿಸಿ. ಅದು ಶೇ 2ರ ದ್ರಾವಣ, ಸಾರಜನಕ 1.15 ಕಿಲೋ. ಚೀಲಕ್ಕೆ ₹266.50 ಎಂದರೆ ಖರ್ಚು ಹದಿನೈದು ರೂಪಾಯಿ ಆಸುಪಾಸು. ಮೂರನೆಯ ತಾಕಿಗೆ ಬರೀ ನೀರು. ಮೂರಕ್ಕೂ ಮೇಲುಗೊಬ್ಬರ ಒಂದೇ ಪ್ರಮಾಣದಲ್ಲಿರಲಿ. ಹೆಚ್ಚಿನ ಪ್ರಾತ್ಯಕ್ಷಿಕೆಗಳು ದಾರಿ ತಪ್ಪುವುದು ಇಲ್ಲಿಯೇ. ನ್ಯಾನೋ ತಾಕಿಗೆ ಗುಟ್ಟಾಗಿ ಪೂರ್ತಿ ಗೊಬ್ಬರ ಬಿದ್ದಿದ್ದರೆ ಫಲಿತಾಂಶಕ್ಕೆ ಅರ್ಥವಿಲ್ಲ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಅಥವಾ ಸಂಜೆ ಸಿಂಪಡಿಸಿ. ನಡು ಮಧ್ಯಾಹ್ನ ಸಿಂಪಡಿಸಿದರೆ ಯೂರಿಯಾ ದ್ರಾವಣ ಎಲೆಯ ಅಂಚು ಸುಡುತ್ತದೆ.

ಯೂರಿಯಾ ಚೀಲ ಬೇಕಾದರೆ ಬಾಟಲಿಯನ್ನೂ ಕೊಳ್ಳಲೇಬೇಕು ಎಂದು ಅಂಗಡಿಯವರು ‘ಲಿಂಕ್’ ಮಾಡಿದರೆ ಒಪ್ಪಬೇಕಿಲ್ಲ. ರಶೀದಿ ಕೇಳಿ ಪಡೆಯಿರಿ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಲಿಖಿತ ದೂರು ಕೊಡಿ.

ಹೆಜ್ಜೆ 5: ಯಾವ ಕಾನೂನು ಕಾಯುತ್ತಿದೆ?

ನ್ಯಾನೋ ಕಣಗಳ ವಾಣಿಜ್ಯ ತಯಾರಿಕೆಯನ್ನೇ ತಡೆಹಿಡಿಯಿರಿ ಎಂದು 2003ರಲ್ಲಿ ಕೆನಡಾದ ಇಟಿಸಿ ಗ್ರೂಪ್ ಎಂಬ ಸರ್ಕಾರೇತರ ಸಂಘಟನೆ ಒತ್ತಾಯಿಸುತ್ತಿತ್ತು. ಮರುವರ್ಷ ಬ್ರಿಟನ್ನಿನ ರಾಯಲ್ ಸೊಸೈಟಿ ಮತ್ತು ರಾಯಲ್ ಅಕಾಡೆಮಿ ಆಫ್ ಎಂಜಿನಿಯರಿಂಗ್ ತಡೆ ಬೇಡವೆಂದವು. ಬದಲಿಗೆ ನ್ಯಾನೋ ರೂಪವನ್ನು ಹೊಸ ರಾಸಾಯನಿಕವೆಂದೇ ಎಣಿಸಿ, ಲೇಬಲ್ ಮೇಲೆ ಹೇಳಿ ಎಂದವು. ಯುರೋಪ್ ಬಹುಮಟ್ಟಿಗೆ ಆ ದಾರಿ ಹಿಡಿಯಿತು. 2013ರ ಜುಲೈಯಿಂದ ಅಲ್ಲಿ ಸೌಂದರ್ಯವರ್ಧಕಗಳ ಪಟ್ಟಿಯಲ್ಲಿ ಘಟಕದ ಹೆಸರಿನ ನಂತರ ಆವರಣದೊಳಗೆ ‘ನ್ಯಾನೋ’ ಎಂದು ಬರೆಯುವುದು ಕಡ್ಡಾಯ. ಫ್ರಾನ್ಸ್‌ನಲ್ಲಿ ವರ್ಷಕ್ಕೆ 100 ಗ್ರಾಂ ನ್ಯಾನೋ ವಸ್ತು ತಯಾರಿಸಿದರೂ, ತರಿಸಿದರೂ ಸರ್ಕಾರಕ್ಕೆ ಘೋಷಿಸಬೇಕು. ಕೊಲಾಯ್ಡಲ್ (ದ್ರವದಲ್ಲಿ ತೇಲುವ ಸೂಕ್ಷ್ಮ ಕಣಗಳ) ಬೆಳ್ಳಿ, ಚಿನ್ನ, ತಾಮ್ರದ ನ್ಯಾನೋ ರೂಪಗಳಿರುವ ಹೊಸ ಸೌಂದರ್ಯವರ್ಧಕಗಳಿಗೆ 2025ರ ಫೆಬ್ರುವರಿಯಿಂದ ಒಕ್ಕೂಟದಲ್ಲಿ ಬಾಗಿಲು ಮುಚ್ಚಿದೆ.

ಭಾರತ 2007ರಲ್ಲಿ ಐದು ವರ್ಷಕ್ಕೆ ₹1,000 ಕೋಟಿಯ ನ್ಯಾನೋ ಮಿಷನ್ ಆರಂಭಿಸಿತು. ಅದರ ಮಂಡಳಿಗೆ ಅಧ್ಯಕ್ಷರಾಗಿದ್ದವರು ನಮ್ಮ ಸಿ.ಎನ್.ಆರ್. ರಾವ್. ಸಂಶೋಧನೆಗೆ ಹಣ ಬಂತು, ನಿಯಮ ಕುಂಟುತ್ತಾ ಬಂತು. ನ್ಯಾನೋ ಔಷಧಗಳ ಮೌಲ್ಯಮಾಪನದ ಮಾರ್ಗಸೂಚಿ 2019ರಲ್ಲಿ, ಕೃಷಿ ಮತ್ತು ಆಹಾರ ಉತ್ಪನ್ನಗಳದ್ದು 2020ರಲ್ಲಿ ಹೊರಬಿದ್ದವು. ಇವು ಮಾರ್ಗಸೂಚಿಗಳು, ನ್ಯಾನೋಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಅದೇ ಸನ್‌ಸ್ಕ್ರೀನ್ ಪ್ಯಾರಿಸ್‌ನಲ್ಲಿ ‘ನ್ಯಾನೋ’ ಎಂದು ಬರೆದುಕೊಂಡು, ಬೆಂಗಳೂರಿನಲ್ಲಿ ಬರೆಯದೆಯೂ ಮಾರಾಟವಾಗಬಹುದು. ಆಮದು ಬ್ರಾಂಡಾದರೆ ಅದರ ಯುರೋಪ್ ಲೇಬಲ್ಲನ್ನು ಜಾಲದಲ್ಲಿ ಹುಡುಕಿ ಪಕ್ಕಪಕ್ಕ ಇಟ್ಟು ನೋಡಿ.

ಹೆಜ್ಜೆ 6: ದಾಖಲೆ ಕೇಳಿ

ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ ₹10. ಆಹಾರವಾದರೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ, ಔಷಧ ಮತ್ತು ಆಮದು ಸೌಂದರ್ಯವರ್ಧಕವಾದರೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ, ಗೊಬ್ಬರವಾದರೆ ಕೇಂದ್ರ ಕೃಷಿ ಇಲಾಖೆಗೆ ಬರೆಯಿರಿ. ‘ಇದು ಸುರಕ್ಷಿತವೇ’, ‘ಏಕೆ ಅನುಮತಿ ಕೊಟ್ಟಿರಿ’ ಎಂದು ಬರೆದರೆ ಅಭಿಪ್ರಾಯ ಕೇಳಿದ್ದೀರಿ ಎಂದು ತಳ್ಳಿಹಾಕುತ್ತಾರೆ. ಬದಲಿಗೆ ಪ್ರತಿ ಕೇಳಿ: ಕಣದ ಗಾತ್ರವನ್ನು ಯಾವ ವಿಧಾನದಲ್ಲಿ, ಎಣಿಕೆಯಲ್ಲೋ ತೂಕದಲ್ಲೋ ಅಳೆದರು ಎಂಬ ವರದಿ, ಉಸಿರಾಟದ ವಿಷತ್ವ ಪರೀಕ್ಷೆಯ ವರದಿ, ಕ್ಷೇತ್ರ ಪ್ರಯೋಗ ಎಷ್ಟು ಹಂಗಾಮು ನಡೆಯಿತೆಂಬ ದಾಖಲೆ, ಅನುಮೋದನೆ ಕೊಟ್ಟ ಸಭೆಯ ನಡಾವಳಿ.

30 ದಿನಗಳಲ್ಲಿ ಉತ್ತರ ಬರಬೇಕು. ‘ವ್ಯಾಪಾರದ ಗುಟ್ಟು’ ಎಂದು ಸೆಕ್ಷನ್ 8(1)(ಡಿ) ತೋರಿಸಿ ನಿರಾಕರಿಸುವುದೇ ಹೆಚ್ಚು. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬೇಕೆಂದು ಅದೇ ಸೆಕ್ಷನ್ ಹೇಳುತ್ತದೆ. ಆ ವಾಕ್ಯವನ್ನು ಉಲ್ಲೇಖಿಸಿ, ತಯಾರಿಕಾ ವಿಧಾನದ ಭಾಗ ಅಳಿಸಿ ವಿಷತ್ವದ ಫಲಿತಾಂಶವನ್ನಾದರೂ ಕೊಡಿ ಎಂದು ಸೆಕ್ಷನ್ 10ರಡಿ ಕೇಳಿ. ನಿರಾಕರಣೆ ಕೈಸೇರಿದ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು, ಅಂಚೆ ರಶೀದಿಯ ಪ್ರತಿ ಜೊತೆಗಿರಲಿ.