ಮನೆಯಲ್ಲೇ ಮ್ಯೂಸಿಕ್ ಸರ್ವರ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಮೂಡಿಗೆರೆ, ಕೊಪ್ಪ ಕಡೆಯ ತೋಟದ ಮನೆಗಳಲ್ಲಿ ರಾತ್ರಿ ಊಟ ಮುಗಿದ ಮೇಲೆ ವಾಹನದ ಸದ್ದೇ ಇರುವುದಿಲ್ಲ. ಸಂಗೀತ ಕೇಳಲು ಇದಕ್ಕಿಂತ ಒಳ್ಳೇ ಜಾಗ ಬೇಕಾ? ಆದರೆ ಅಂಥ ಮನೆಯಲ್ಲಿ ಕಂಪ್ಯೂಟರ್ ಫ್ಯಾನಿನ ಸದ್ದು, ಸ್ಪೀಕರಿನ ಗುಂಯ್ ಎರಡೂ ಎದ್ದು ಕೇಳುತ್ತವೆ. ಮ್ಯೂಸಿಕ್ ಸರ್ವರ್, ಅಂದರೆ ಹಾಡುಗಳನ್ನೆಲ್ಲ ತುಂಬಿಟ್ಟು ಸ್ಪೀಕರಿಗೆ ಕಳಿಸುವ ಕಂಪ್ಯೂಟರ್, ಕಟ್ಟುವಾಗ ಮೊದಲು ಗಮನ ಕೊಡಬೇಕಾದ್ದು ಇವಕ್ಕೇ.

ಪ್ರೊಸೆಸರಿಗೆ ಜಾಸ್ತಿ ಖರ್ಚು ಬೇಡ. ಸಿ.ಡಿ.ಯಲ್ಲಿರುವುದು ಸೆಕೆಂಡಿಗೆ 44,100 ಸಲ ಅಳೆದಿಟ್ಟ 16 ಬಿಟ್ ಅಂಕಿಗಳು. ಅದನ್ನು ಓದಿ ಕಳಿಸಲು ಮೂಲೆ ಸೇರಿದ ಹಳೇ ಲ್ಯಾಪ್‌ಟಾಪ್ ಧಾರಾಳ ಸಾಕು. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಕೂಡ ಆಗುತ್ತದೆ, ಅದಕ್ಕೆ ಫ್ಯಾನ್ ಇಲ್ಲದ ಡಬ್ಬಿಯೂ ಸಿಗುತ್ತದೆ. ದುಬಾರಿ ರ‍್ಯಾಮ್ ಹಾಕಿದರೆ ಅಂಕಿಗಳೇನೂ ಬದಲಾಗುವುದಿಲ್ಲ, ದನಿಯೂ ಅಷ್ಟೇ.

ಹಾಡುಗಳನ್ನು ಫ್ಲ್ಯಾಕ್ ರೂಪದಲ್ಲಿ (ದನಿ ಏನೂ ಕಳೆಯದೆ ಫೈಲ್ ಚಿಕ್ಕದು ಮಾಡುವ ವಿಧಾನ) ಎಸ್‌ಎಸ್‌ಡಿಯಲ್ಲಿ ಇಡಿ. ಅದು ಚಿಪ್ಪಿನಲ್ಲಿ ಫೈಲ್ ಇಡುವ ಡ್ರೈವ್, ತಿರುಗುವ ಭಾಗವೇ ಇಲ್ಲದ್ದರಿಂದ ಸದ್ದು ಮಾಡುವುದಿಲ್ಲ. ದೊಡ್ಡ ಹಾರ್ಡ್ ಡಿಸ್ಕ್ ಬೇಕೇ ಬೇಕಾದರೆ ಬೇರೆ ಕೋಣೆಯಲ್ಲಿಟ್ಟು ನೆಟ್‌ವರ್ಕ್ ಕೇಬಲ್ ಎಳೆಯಿರಿ.

ಉಳಿದ ದುಡ್ಡು ಡ್ಯಾಕ್‌ಗೆ, ಅದಕ್ಕಿಂತ ಜಾಸ್ತಿ ಸ್ಪೀಕರಿಗೆ. ಡ್ಯಾಕ್ ಅಂಕಿಗಳನ್ನು ದನಿಯ ಅಲೆಯಾಗಿ ಮಾಡುವ ಪೆಟ್ಟಿಗೆ. ಅಸಿಂಕ್ರೊನಸ್ ಯುಎಸ್‌ಬಿ ಇರುವಂಥದ್ದನ್ನೇ ಕೊಳ್ಳಿ. ಅದು ತನ್ನದೇ ಗಡಿಯಾರದ ಲೆಕ್ಕದಲ್ಲಿ ನುಡಿಸುತ್ತದೆ, ಕಂಪ್ಯೂಟರಿನ ಗಡಿಯಾರವನ್ನು ನಂಬಿ ಕೂರುವುದಿಲ್ಲ.

ಈಗ ಗುಂಯ್ ವಿಷಯ. ಬರೀ ತಂಬೂರಿ ನುಡಿಯುವ ಜಾಗ ಹಾಕಿ, ವಾಲ್ಯೂಮ್ ನಿಮ್ಮ ಮಾಮೂಲಿ ಮಟ್ಟದಲ್ಲಿರಲಿ. ನಡುವೆ ಹಾಡು ನಿಲ್ಲಿಸಿ, ಸ್ಪೀಕರಿನ ಹತ್ತಿರ ಕಿವಿ ಇಡಿ. ಗುಂಯ್ ಅನ್ನುತ್ತಿದೆಯಾ? ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ತಕ್ಷಣ ನಿಂತರೆ ತಂಟೆ ಬರುತ್ತಿರುವುದು ಚಾರ್ಜರ್ ದಾರಿಯಿಂದ. ಕಂಪ್ಯೂಟರ್ ಒಂದು ಕಡೆ, ಆಂಪ್ಲಿಫೈಯರ್ ಇನ್ನೊಂದು ಕಡೆ ಅರ್ಥ್ ಆದಾಗ ನಡುವಿನ ಕೇಬಲ್‌ನಲ್ಲಿ ಸಣ್ಣ ಕರೆಂಟ್ ಹರಿಯುತ್ತದೆ. ನಮ್ಮ 50 ಹರ್ಟ್ಜ್ ಲೈನಿನ ಸದ್ದು ಹಾಗೆ ಸ್ಪೀಕರಿಗೆ ಬಂದು ಸೇರುತ್ತದೆ. ಮೊದಲು ಎರಡನ್ನೂ ಒಂದೇ ಬೋರ್ಡಿಗೆ ಹಾಕಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಹೋಗದಿದ್ದರೆ ಕಂಪ್ಯೂಟರಿನಿಂದ ಡ್ಯಾಕ್‌ಗೆ ಆಪ್ಟಿಕಲ್ ಕೇಬಲ್ ಬಳಸಿ. ಅದರಲ್ಲಿ ಸಾಗುವುದು ಬೆಳಕು, ಕರೆಂಟಿನ ಗಲೀಜು ದಾಟುವುದಿಲ್ಲ. ಆ ಕಿಂಡಿ ಇಲ್ಲದ ಕಂಪ್ಯೂಟರಿಗೆ ಯುಎಸ್‌ಬಿ ಐಸೊಲೇಟರ್ ಸಿಗುತ್ತದೆ, ಅದು ಕಂಪ್ಯೂಟರ್ ಮತ್ತು ಡ್ಯಾಕ್ ನಡುವಿನ ಕರೆಂಟಿನ ಸಂಪರ್ಕ ತಪ್ಪಿಸುತ್ತದೆ.

ಅರ್ಥ್ ಪಿನ್ ಕತ್ತರಿಸಿದರೆ ಸದ್ದು ನಿಲ್ಲುತ್ತೆ ಅನ್ನುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ, ಶಾಕ್ ಹೊಡೆದರೆ ಪ್ರಾಣಕ್ಕೇ ಕುತ್ತು. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದ್ದರೆ ನೀರು ಹಾಕಿ, ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ಅಳೆಸಿ.

ಮಳೆಗಾಲದಲ್ಲಿ ಕರೆಂಟ್ ಹೋದರೆ ಇನ್ವರ್ಟರೇ ಗತಿ, ಅಲ್ವಾ? ಸ್ಕ್ವೇರ್ ವೇವ್ ಬೇಡ, ಮಾಮೂಲಿ ಲೈನಿನ ಹಾಗೇ ಕರೆಂಟ್ ಕೊಡುವ ಸೈನ್ ವೇವ್ ಇನ್ವರ್ಟರ್ ನೋಡಿ. ಗುಡುಗು ಸಿಡಿಲು ಶುರುವಾದರೆ ಪ್ಲಗ್ಗಿನ ಜೊತೆ ನೆಟ್‌ವರ್ಕ್ ಕೇಬಲ್ಲನ್ನೂ ಕಿತ್ತಿಡಿ.

ಕೊನೆಗೆ ಸೆಟ್ಟಿಂಗ್ಸ್. ಎಷ್ಟೋ ಕಂಪ್ಯೂಟರುಗಳು ಸುಮ್ನೆ 44.1 ಕಿಲೋಹರ್ಟ್ಜ್ (ಸೆಕೆಂಡಿಗೆ 44,100 ಸಲ ಅಳೆದ) ಹಾಡನ್ನು 48ಕ್ಕೆ ಬದಲಿಸಿ ಕಳಿಸುತ್ತವೆ. ಪ್ಲೇಯರಿನಲ್ಲಿ ಎಕ್ಸ್‌ಕ್ಲೂಸಿವ್ ಮೋಡ್ (ಹಾಡನ್ನು ಬದಲಿಸದೆ ನೇರ ಡ್ಯಾಕ್‌ಗೆ ಕಳಿಸುವ ಸೆಟ್ಟಿಂಗ್) ಆನ್ ಮಾಡಿ, ಅದರ ವಾಲ್ಯೂಮ್ ಪೂರ್ತಿ ಇಟ್ಟು ಆಂಪ್ಲಿಫೈಯರಿನಲ್ಲೇ ಏರಿಸಿ ಇಳಿಸಿ. ಡ್ಯಾಕ್ ಮೇಲೆ ಅಂಕಿ ತೋರಿಸುವ ಪರದೆ ಇದ್ದರೆ ಸಿ.ಡಿ.ಯ ಹಾಡಿಗೆ 44.1 ಅಂತಲೇ ಬರಬೇಕು.